ಪದ ಪರಿಚಯ: ಕರಪ್ಟ್ – ಮುರಿದದ್ದು ಫೈಲೋ, ತಪ್ಪಿದ್ದು ಹಾದಿಯೋ?

"ಫೋಟೊ ಕರಪ್ಟ್ ಆಗೇತ್ರಿ, ಇನ್ನೊಮ್ಮೆ ಕಳಸ್ರಿ." ಹುಬ್ಬಳ್ಳಿ-ಧಾರವಾಡದಲ್ಲಿ ಶಾಲೆ, ಪತ್ತಿನ ಸಂಘ, ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವವರ ಬಾಯಲ್ಲಿ ಈ ಮಾತು ಬಂದುಬಂದು ಸವೆದಿದೆ. ಸರ್ವರ್ ತೆರೆದು ನೋಡಿದರೆ ಫೋಟೊ ನೆಟ್ಟಗೇ ಕೂತಿರುತ್ತದೆ, ಕೆಟ್ಟಿರುವುದು ಅದರ ಪಾತ್, ಅಂದರೆ ಫೈಲು ಎಲ್ಲಿದೆ ಎಂದು ಬರೆದಿಟ್ಟ ವಿಳಾಸ. ಎರಡಕ್ಕೂ ಒಂದೇ ಪದ ಬಳಸಿದ್ದರ ಫಲವಾಗಿ ಚೆನ್ನಾಗಿದ್ದ ಫೈಲನ್ನು ಅಳಿಸುತ್ತಾರೆ, ಮತ್ತೆ ಅದನ್ನೇ ಏರಿಸುತ್ತಾರೆ, ಚಿತ್ರ ಆಗಲೂ ಕಾಣುವುದಿಲ್ಲ.

ಕರಪ್ಟ್‌ನ ಮೂಲ ಲ್ಯಾಟಿನ್ನಿನ 'ಕೊರುಂಪೆರೆ'. ಅದರೊಳಗಿನ 'ರುಂಪೆರೆ' ಎಂದರೆ ಮುರಿ, ಒಡೆ. ಇಂಟರಪ್ಟ್, ರಪ್ಚರ್ ಕೂಡ ಅದೇ ಬೇರಿನವು. ಇದನ್ನು ಕನ್ನಡಕ್ಕೆ ತರುವಾಗ 'ಭ್ರಷ್ಟ' ಎಂದು ಬರೆಯುವವರಿದ್ದಾರೆ. ಗೊಂದಲ ಇನ್ನಷ್ಟು ಸಿಕ್ಕಾಗುವುದು ಇಲ್ಲಿಂದ. ಭ್ರಷ್ಟದ ಧಾತು 'ಭ್ರಂಶ್': ಜಾರು, ಬೀಳು. ಅದರಲ್ಲಿ ಮುರಿಯುವ ಅರ್ಥವೇ ಇಲ್ಲ. ಸ್ಥಾನಭ್ರಷ್ಟ, ಪದಭ್ರಷ್ಟ, ಪಥಭ್ರಷ್ಟ ಎನ್ನುವಾಗ ವ್ಯಕ್ತಿ ಇದ್ದ ಜಾಗದಿಂದ ಜಾರಿದ್ದಾನೆಯೇ ಹೊರತು ತುಂಡಾಗಿಲ್ಲ. ಅಂದರೆ ನಮ್ಮ ನುಡಿಯಲ್ಲಿ ಎರಡು ಸ್ಥಿತಿಗೂ ಬೇರೆಬೇರೆ ಮಾತು ಮೊದಲಿಂದಲೂ ಇವೆ. ಬೈಟುಗಳು ಹಾಳಾದ ಫೈಲು 'ಕೆಟ್ಟೈತಿ', ಸಿಗದೆ ಹೋದ ಫೈಲಿನ ವಿಳಾಸ 'ಹಾದಿ ತಪ್ಪೈತಿ'. ಇಷ್ಟು ಸ್ಪಷ್ಟವಾದ ಮಾತು ಕೈಯಲ್ಲಿದ್ದೂ ಎಲ್ಲಕ್ಕೂ ಕರಪ್ಟ್ ಎನ್ನುವುದು ಸರಿಯಲ್ಲ.

ಫೈಲ್ ಕೆಟ್ಟಿದೆ ಎನ್ನುವ ಮೊದಲು ಸರ್ವರಿನಲ್ಲಿರುವ ಪ್ರತಿ ಮತ್ತು ಕಳಿಸಿದವರ ಮೂಲ ಪ್ರತಿ, ಎರಡರದ್ದೂ ಎಸ್‌ಎಚ್‌ಎ-256 ಚೆಕ್‌ಸಮ್, ಅಂದರೆ ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ, ತೆಗೆಯಿರಿ. ಎರಡೂ ಒಂದೇ ಆಗಿದ್ದರೆ ಏರಿಸುವಾಗ ಫೈಲು ಕೆಟ್ಟಿಲ್ಲ, ಆ ಮಾತು ಅಲ್ಲಿಗೆ ಮುಗಿಯಿತು. ನಿಜವಾಗಿ ಕೆಡುವುದೂ ಉಂಟು. ಅರ್ಧಕ್ಕೇ ನಿಂತ ಅಪ್‌ಲೋಡಿನಲ್ಲಿ ಗಾತ್ರ ಕಡಿಮೆ ಇರುತ್ತದೆ. ಫೈಲು ಕಳಿಸುವ ಎಫ್‌ಟಿಪಿಯನ್ನು ಬರಹಕ್ಕೆಂದೇ ಇರುವ ಆಸ್ಕಿ ಮೋಡ್‌ನಲ್ಲಿಟ್ಟು ವಿಂಡೋಸ್‌ನಿಂದ ಲಿನಕ್ಸಿಗೆ ಚಿತ್ರ ಕಳಿಸಿದರೆ ವಿಂಡೋಸ್‌ನಲ್ಲಿ ಸಾಲು ಮುಗಿದದ್ದನ್ನು ಹೇಳುವ 0ಡಿ 0ಎ ಎಂಬ ಬೈಟುಗಳ ಜೋಡಿ ಇರುವಲ್ಲೆಲ್ಲ 0ಡಿ ಉದುರಿಹೋಗುತ್ತದೆ. ಪಿಎನ್‌ಜಿ ಫೈಲಿನ ಮೊದಲ 8 ಬೈಟುಗಳಲ್ಲಿ ಆ ಜೋಡಿಯನ್ನು ಬೇಕೆಂದೇ ಇಟ್ಟಿದ್ದಾರೆ, ಇಂಥ ಹಾನಿ ಮೊದಲ ನೋಟಕ್ಕೇ ಸಿಗಲಿ ಎಂದು.

ಇನ್ನು ಪಾತ್. ಪಾತ್ ಕೂಡ ಕರಪ್ಟ್ ಆಗಬಲ್ಲದು, ಆದರೆ ಅದಕ್ಕೆ ಖಚಿತ ಅರ್ಥವಿದೆ: ಬರೆದಿಟ್ಟ ವಿಳಾಸದ ಅಕ್ಷರಗಳೇ ಬದಲಾಗಿರಬೇಕು. ವಿಂಡೋಸ್ ಯಂತ್ರದಲ್ಲಿ ತಯಾರಾದ ಸೈಟುಗಳಲ್ಲಿ ಇದು ಢಾಳಾಗಿ ಕಾಣುತ್ತದೆ. 'ಅಪ್‌ಲೋಡ್ಸ್\ನ್ಯೂಸ್\ಮೇಳ' ಎಂಬ ಪಾತನ್ನು, ಇಂಗ್ಲಿಷ್ ಅಕ್ಷರಗಳಲ್ಲಿ, ಡೇಟಾಬೇಸಿಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ವಾಕ್ಯಕ್ಕೆ ನೇರವಾಗಿ ಅಂಟಿಸಿದರೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಬ್ಯಾಕ್‌ಸ್ಲ್ಯಾಶನ್ನು (\) ಮುಂದಿನ ಅಕ್ಷರದ ಅರ್ಥ ಬದಲಿಸುವ ಚಿಹ್ನೆಯಾಗಿ ಓದುತ್ತದೆ. ಬ್ಯಾಕ್‌ಸ್ಲ್ಯಾಶ್ ಜೊತೆ 'ಎನ್' ಸೇರಿದರೆ ಹೊಸ ಸಾಲು. 'ಎಂ' ಜೊತೆ ಬಂದರೆ ವಿಶೇಷ ಅರ್ಥವಿಲ್ಲ, ಸ್ಲ್ಯಾಶ್ ಮಾತ್ರ ಮಾಯ. ಉಳಿಯುವುದು 'ಅಪ್‌ಲೋಡ್ಸ್', ಒಂದು ಸಾಲು ಮುರಿತ, ಆಮೇಲೆ ತಲೆ ಹೋದ 'ಯೂಸ್‌ಮೇಳ'. ಪರದೆಯ ಮೇಲೆ ಇದು ಬರೀ ಖಾಲಿ ಜಾಗದಂತೆ ಕಾಣುವುದರಿಂದ ಆ ಕಾಲಮ್ಮಿನ ಮೇಲೆ ಬೈಟುಗಳನ್ನು ಸಂಕೇತವಾಗಿ ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ ನೋಡಬೇಕು. ನಡುವೆ ಹೊಸ ಸಾಲಿನ 0ಎ ಕಂಡರೆ ಕಳ್ಳ ಸಿಕ್ಕ. ವಾಕ್ಯ ಬೇರೆ, ಮೌಲ್ಯ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದರೆ ಈ ಕಾಟ ಇಲ್ಲ. ಪಾತಿನಲ್ಲಿ ಯಾವಾಗಲೂ / ಅನ್ನೇ ಬರೆದರೆ ಇನ್ನೂ ಒಳ್ಳೆಯದು.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳ ಪಾಡು ಬೇರೆಯೇ. ಕನ್ನಡದ ಹೆಸರೇ ತಪ್ಪು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ, ಲೆಕ್ಕ ತಿಳಿಯದಿರುವುದೇ ತಪ್ಪು. 'ಹುಬ್ಬಳ್ಳಿ' ಕಣ್ಣಿಗೆ 3 ಅಕ್ಷರ. ಯೂನಿಕೋಡಿನಲ್ಲಿ ಒತ್ತು, ಗುಣಿತ ಸೇರಿ 9 ಸಂಕೇತ, ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ 27 ಬೈಟು, ಯುಆರ್‌ಎಲ್‌ಗೆ ಹೋಗುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆಯೊಂದಿಗೆ ಮೂರಾಗಿ 81 ಅಕ್ಷರ. 'ಹುಬ್ಬಳ್ಳಿ-ಧಾರವಾಡ' ಎಂದು ಹೆಸರಿಟ್ಟ ಫೋಟೊ ಎಕ್ಸ್‌ಟೆನ್ಶನ್ ಸೇರಿ 140 ಆಗುತ್ತದೆ. ಈ ರೂಪದಲ್ಲೇ ಅದನ್ನು 100 ಅಕ್ಷರದ ವಾರ್‌ಕ್ಯಾರ್ (ಬರಹದ) ಕಾಲಮ್ಮಿಗೆ ತುರುಕಿದರೆ, ಮಿತಿ ಮೀರಿದ್ದನ್ನು ನಿರಾಕರಿಸುವ ಸ್ಟ್ರಿಕ್ಟ್ ಮೋಡ್ ಇಲ್ಲದ ಮೈಎಸ್‌ಕ್ಯೂಎಲ್ ಬಾಲ ಕತ್ತರಿಸಿ ಉಳಿಸಿಕೊಳ್ಳುತ್ತದೆ.

'ಹಾವೇರಿ' ಇದಕ್ಕಿಂತ ಸೂಕ್ಷ್ಮ. ಅದರ ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಬಿಡಿಸಿಯೂ ಬರೆಯಬಹುದು. ಮೊದಲನೆಯದು 18 ಬೈಟು, ಎರಡನೆಯದು 21. ಹಳೆಯ ಮ್ಯಾಕ್ ಡಿಸ್ಕುಗಳು ಬಿಡಿಸಿದ ರೂಪವನ್ನೇ ಇಟ್ಟುಕೊಳ್ಳುತ್ತಿದ್ದವು. ಎರಡೂ ನೋಡಲು ಥೇಟ್ ಒಂದೇ, ಲಿನಕ್ಸಿಗೆ ಮಾತ್ರ ಬೇರೆಬೇರೆ ಹೆಸರು. ಉಳಿಸುವಾಗಲೇ ಹೆಸರನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತರಬೇಕು. ಡಿಸ್ಕಿನಲ್ಲಿ ಸರ್ವರೇ ಕೊಟ್ಟ ಸಂಖ್ಯೆ, ಬೇರೆ ಕಾಲಮ್ಮಿನಲ್ಲಿ ಕನ್ನಡದ ಹೆಸರು ಇಡುವುದಾದರೆ ಇನ್ನೂ ಗಟ್ಟಿ.

ಇಷ್ಟು ಬಿಟ್ಟು ಉಳಿದದ್ದೆಲ್ಲ ತಪ್ಪು ಪಾತ್, ಕರಪ್ಟ್ ಅಲ್ಲ. ಡಿಸ್ಕಿನಲ್ಲಿ ದೊಡ್ಡಕ್ಷರದ ಜೆಪಿಜಿ, ಡೇಟಾಬೇಸಿನಲ್ಲಿ ಸಣ್ಣಕ್ಷರದ್ದು: ವಿಂಡೋಸ್ ಸಹಿಸಿಕೊಳ್ಳುತ್ತದೆ, ಲಿನಕ್ಸ್ 404 (ಸಿಗಲಿಲ್ಲ) ಕೊಡುತ್ತದೆ. 'ಸಿ:\ಫೇಕ್‌ಪಾತ್\' ಎಂದು ಉಳಿದಿದ್ದರೆ ಅದು ವೈರಸ್ಸೂ ಅಲ್ಲ. ಬಳಕೆದಾರರ ನಿಜವಾದ ಫೋಲ್ಡರ್ ಬಯಲಾಗದಿರಲಿ ಎಂದು ಬ್ರೌಸರ್ ಕೊಡುವ ಸುಳ್ಳು ವಿಳಾಸ. ಯಾರೋ ಫಾರ್ಮಿನಲ್ಲಿ ಫೈಲು ಆರಿಸುವ ಖಾನೆಯ, ಅಂದರೆ ಫೈಲ್ ಇನ್‌ಪುಟ್ಟಿನ, ವ್ಯಾಲ್ಯೂವನ್ನೇ ಡೇಟಾಬೇಸಿಗೆ ಬರೆದಿದ್ದಾರೆ, ಅಷ್ಟೆ. 403 (ಪ್ರವೇಶವಿಲ್ಲ) ಬಂದರೆ ಪಾತನ್ನು ಮುಟ್ಟುವ ಮೊದಲು ಅನುಮತಿ ನೋಡಿ. ಸಾಮಾನ್ಯವಾಗಿ ಲಿನಕ್ಸಿನ ಅನುಮತಿ ಸಂಖ್ಯೆ ಫೋಲ್ಡರಿಗೆ 755, ಫೈಲಿಗೆ 644 ಇರಬೇಕು.

ಕೆಟ್ಟ ಪಾತುಗಳನ್ನು ಸರಿಪಡಿಸುವಾಗ ಮೊದಲು ಆ ಟೇಬಲ್ಲಿನ ಬ್ಯಾಕಪ್ ತೆಗೆಯಿರಿ. ಆಮೇಲೆ ಡಿಸ್ಕಿನಲ್ಲಿರುವ ಹೆಸರುಗಳ ಪಟ್ಟಿಯನ್ನು ಟೇಬಲ್ಲಿಗೆ ತಾಳೆ ಹಾಕಿ, ಹೊಂದದ ಸಾಲುಗಳನ್ನಷ್ಟೇ ತಿದ್ದಿ. ಗಿರಾಕಿಗೆ ಫೋನ್ ಮಾಡಿ ಫೋಟೊ ಮತ್ತೆ ಕೇಳುವುದು, ಆ ಪಟ್ಟಿಯಲ್ಲಿ ಫೈಲೇ ಇಲ್ಲದಿದ್ದಾಗ ಅಥವಾ ಚೆಕ್‌ಸಮ್ ಹೊಂದದಿದ್ದಾಗ.