ನಿಮ್ಮ ವರ್ಷದ ಪ್ರಾಣಿ ಯಾವುದು? ಚೀನೀ ಹನ್ನೆರಡರ ಲೆಕ್ಕ

'ಚೀನೀ ರಾಶಿ' ಅಂತ ಕರೀತೀವಲ್ಲ, ಆ ಹೆಸರೇ ನನ್ನನ್ನು ಎರಡು ದಿನ ದಾರಿ ತಪ್ಪಿಸಿತು. ಮೇಷ, ವೃಷಭ, ಮಿಥುನದ ಪಕ್ಕ ಇಲಿ, ಎತ್ತು, ಹುಲಿ ಬರೆದುಕೊಂಡು ಹೋಲಿಸುತ್ತಾ ಕೂತಿದ್ದೆ. ಒಂದೂ ಹೊಂದಲಿಲ್ಲ. ಹೊಂದೋದೂ ಇಲ್ಲ. ನಮ್ಮ ಜಾತಕದ ರಾಶಿ ಹುಟ್ಟಿದ ಹೊತ್ತಿಗೆ ಚಂದ್ರ ಆಕಾಶದಲ್ಲಿ ಎಲ್ಲಿದ್ದ ಅಂತ ಹೇಳುತ್ತದೆ. ಚೀನೀ ಪ್ರಾಣಿ ವರ್ಷದ ಗುರುತು, ಆ ವರ್ಷ ಹುಟ್ಟಿದವರಿಗೆಲ್ಲ ಒಂದೇ. ಯುಗಾದಿ ದಿನ ಪಂಚಾಂಗ ಓದುವಾಗ 'ಇಂಥ ನಾಮ ಸಂವತ್ಸರ' ಅಂತಾರಲ್ಲ, ಅದರ ಪಕ್ಕ ಇಟ್ಟು ನೋಡಿ, ಸಲೀಸಾಗಿ ಅರ್ಥ ಆಗುತ್ತದೆ.

ಕ್ರಮ ಹೀಗೆ: ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಮೇಕೆ, ಕೋತಿ, ಹುಂಜ, ನಾಯಿ, ಹಂದಿ. ಮೇಕೆಯನ್ನು ಕೆಲವರು ಕುರಿ ಅಂತಾರೆ. ಚೀನೀ ಭಾಷೆಯಲ್ಲಿ ಎರಡಕ್ಕೂ 'ಯಾಂಗ್' ಅನ್ನೋ ಒಂದೇ ಪದ, ಹಾಗಾಗಿ ಜಗಳ ಬೇಡ.

ಬಾಯಿಪಾಠ ಮಾಡೋಕಿಂತ ಲೆಕ್ಕ ಸುಲಭ. ಇಸವಿಯನ್ನು 12ರಿಂದ ಭಾಗಿಸಿ, ಶೇಷ ನೋಡಿ. 4 ಉಳಿದರೆ ಇಲಿ, 5 ಎತ್ತು, ಹೀಗೇ 11ಕ್ಕೆ ಮೇಕೆ. ಶೇಷ 0 ಆದರೆ ಕೋತಿ, 1 ಹುಂಜ, 2 ನಾಯಿ, 3 ಹಂದಿ. 2026 ತಗೊಳ್ಳಿ. 12×168 ಅಂದರೆ 2016, ಉಳಿದದ್ದು 10. ಕುದುರೆ.

ಇಲ್ಲೊಂದು ಎಡವಟ್ಟು ಇದೆ. ಚೀನೀ ಹೊಸ ವರ್ಷ ಜನವರಿ 1ಕ್ಕೆ ಶುರು ಆಗೋದಿಲ್ಲ. ಚಂದ್ರನ ಲೆಕ್ಕದಲ್ಲಿ ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. 1985ರಲ್ಲಿ ಫೆಬ್ರವರಿ 20ಕ್ಕೆ ಬಂತು. ಆ ವರ್ಷ ಫೆಬ್ರವರಿ 12ಕ್ಕೆ ಹುಟ್ಟಿದವರು ಭಾಗಾಕಾರ ಮಾಡಿ 'ನಾನು ಎತ್ತು' ಅಂದುಕೊಂಡಿರುತ್ತಾರೆ. ಅವರು ಇಲಿ! ಈ ಎರಡು ತಿಂಗಳಲ್ಲಿ ಹುಟ್ಟಿದವರು ತಾರೀಖು ನೋಡಿಯೇ ಹೇಳಬೇಕು.

ಪ್ರಾಣಿಯ ಹಿಂದೆ ಐದು ಧಾತುಗಳಲ್ಲಿ ಒಂದು ಸೇರಿಕೊಳ್ಳುತ್ತದೆ. ಇದಕ್ಕೆ ಇಸವಿಯ ಕೊನೆಯ ಅಂಕಿ ಸಾಕು. 0, 1 ಲೋಹ. 2, 3 ನೀರು. 4, 5 ಮರ. 6, 7 ಬೆಂಕಿ. 8, 9 ಮಣ್ಣು. ಹಾಗಾಗಿ 2026 ಬೆಂಕಿ ಕುದುರೆ. ಒಂದೊಂದು ಧಾತುವಿಗೆ ಯಾಂಗ್ (ಮೇಕೆಯ ಯಾಂಗ್ ಅಲ್ಲ, ಇದು ಬೇರೆ ಪದ), ಯಿನ್ ಅಂತ ಒಂದಕ್ಕೊಂದು ಎದುರಾದ ಎರಡು ರೂಪ, ಒಟ್ಟು ಹತ್ತು. ಇವು 'ಆಕಾಶದ ಕಾಂಡಗಳು'. ಪ್ರಾಣಿಗಳು ಕೂತಿರೋದು ಹನ್ನೆರಡು 'ಭೂಮಿಯ ಕೊಂಬೆಗಳ' ಮೇಲೆ. 10×12 ಅಂದರೆ 120 ಜೋಡಿ ಆಗಬೇಕಿತ್ತು ಅಲ್ವಾ? ಆಗೋದಿಲ್ಲ. ಎರಡೂ ಒಟ್ಟೊಟ್ಟಿಗೆ ಒಂದೊಂದು ಹೆಜ್ಜೆ ಮುಂದೆ ಹೋಗುತ್ತವೆ. 10 ಮತ್ತು 12ರ ಲ.ಸಾ.ಅ. 60. ಅಲ್ಲಿಗೆ ಚಕ್ರ ಮುಗಿದು ಮತ್ತೆ ಮೊದಲಿಂದ. ಸರಿ ಸಂಖ್ಯೆಯ ಕಾಂಡ ಸರಿ ಸಂಖ್ಯೆಯ ಕೊಂಬೆಗೆ ಮಾತ್ರ ಸಿಗುತ್ತದೆ. ಯಿನ್ ಕಾಂಡಗಳೆಲ್ಲ ಸರಿ ಸಂಖ್ಯೆ, ಕುದುರೆ ಏಳನೆಯದು. ಅದಕ್ಕೇ ಯಿನ್ ಕುದುರೆ ಅಂತ ಒಂದು ವರ್ಷ ಇಲ್ಲವೇ ಇಲ್ಲ.

ಕಾಂಡ, ಕೊಂಬೆ ಬಹಳ ಹಳೇವು. ಮೂರು ಸಾವಿರ ವರ್ಷಕ್ಕೂ ಹಿಂದೆ ಶಾಂಗ್ ರಾಜರ ಕಾಲದಲ್ಲಿ ಮೂಳೆ, ಆಮೆ ಚಿಪ್ಪಿನ ಮೇಲೆ ಇವುಗಳಿಂದಲೇ ದಿನ ಎಣಿಸಿ ಕೆತ್ತಿದ್ದಾರೆ. ಪ್ರಾಣಿಗಳು ಬಂದು ಸೇರಿದ್ದು ಆಮೇಲೆ. ನನಗೆ ಜಾಸ್ತಿ ಇಷ್ಟವಾದ ಭಾಗ ಇದು. 1975ರಲ್ಲಿ ಹುಬೇ ಪ್ರಾಂತದ ಶ್ವೇಹುದಿಯಲ್ಲಿ ಕ್ರಿ.ಪೂ. 217ರ ಸುಮಾರಿನ ಒಬ್ಬ ಅಧಿಕಾರಿಯ ಸಮಾಧಿ ಸಿಕ್ಕಿತು. ಒಳಗೆ ಬಿದಿರಿನ ಪಟ್ಟಿಗಳ ಮೇಲೆ ಬರಹ. ಅದರಲ್ಲಿ ಒಂದು ಭಾಗ ಕಳ್ಳನನ್ನು ಹಿಡಿಯೋದು ಹೇಗೆ ಅಂತ! ಇಲಿಯ ದಿನ ಕಳ್ಳತನ ಆದರೆ ಕಳ್ಳನಿಗೆ ಚೂಪು ಬಾಯಿ, ವಿರಳ ಮೀಸೆ, ಮುಖದ ಮೇಲೆ ಕಪ್ಪು ಮಚ್ಚೆ. ಇಲಿಯನ್ನೇ ಕಂಬಿ ಹಿಂದೆ ಹಾಕಿದ ಹಾಗೆ. ಗಮನಿಸಿ, ಇಲ್ಲಿ ಪ್ರಾಣಿ ದಿನದ್ದು, ವರ್ಷದ್ದಲ್ಲ. ಪ್ರಾಣಿಗಳ ಸಾಲೂ ಇವತ್ತಿನದ್ದೇ ಅಲ್ಲ. ಈಗ ಕುದುರೆ ಇರೋ ಜಾಗದಲ್ಲಿ ಜಿಂಕೆ ಇದೆ. ಕುದುರೆ ಒಂದು ಮನೆ ಮುಂದೆ ಹೋಗಿದೆ.

ಇದನ್ನು ಆಗಲೇ ಗೇಲಿ ಮಾಡಿದವರೂ ಇದ್ದರು. ವರ್ಷದ ಧಾತು ಅಲ್ಲದೆ ಪ್ರತಿ ಪ್ರಾಣಿಗೂ ಅದರದೇ ಒಂದು ಖಾಯಂ ಧಾತು ಅಂತ ಲೆಕ್ಕವಿತ್ತು. ಕ್ರಿ.ಶ. 1ನೇ ಶತಮಾನದ ವಾಂಗ್ ಚೋಂಗ್ ಅನ್ನೋ ಚಿಂತಕ ಹೀಗೆ ಕೇಳಿದ: ನೀರು ಬೆಂಕಿಯನ್ನು ಗೆಲ್ಲುತ್ತೆ ಅಂತೀರಿ, ಹಾಗಾದರೆ ನೀರಿನ ಇಲಿ ಬೆಂಕಿಯ ಕುದುರೆಯನ್ನು ಯಾಕೆ ಅಟ್ಟಿಸಿಕೊಂಡು ಹೋಗಲ್ಲ? ಲೋಹ ಮರವನ್ನು ಗೆಲ್ಲೋದಾದರೆ ಲೋಹದ ಹುಂಜ ಮರದ ಮೊಲವನ್ನು ಯಾಕೆ ಕುಕ್ಕಲ್ಲ? ಇನ್ನು ಇಲಿಯೇ ಮೊದಲು ಯಾಕೆ ಅಂದರೆ, ಸ್ವರ್ಗದ ಒಡೆಯ ಜೇಡ್ ಚಕ್ರವರ್ತಿ ಓಟದ ಪಂದ್ಯ ಇಟ್ಟ, ಇಲಿ ಎತ್ತಿನ ಬೆನ್ನೇರಿ ಬಂದು ಕೊನೆಯಲ್ಲಿ ಮುಂದಕ್ಕೆ ಜಿಗಿದು ಗೆದ್ದಿತು ಅನ್ನೋ ಕಥೆ ನಿಮಗೆ ಎಲ್ಲೆಲ್ಲೂ ಸಿಗುತ್ತದೆ. ಮಕ್ಕಳಿಗೆ ಹೇಳೋಕೆ ಚೆನ್ನ.

ಹನ್ನೆರಡೇ ಯಾಕೆ? ಗುರು ಗ್ರಹ ಆಕಾಶ ಸುತ್ತೋಕೆ ಸುಮಾರು 12 ವರ್ಷ ತಗೊಳ್ಳುತ್ತದೆ. ಚೀನಾದ ವರ್ಷದೆಣಿಕೆಗೆ ಗುರುವಿನ ನಂಟಿದೆ. ನಮ್ಮ 60 ಸಂವತ್ಸರಗಳಿಗೂ ಇದೆ, ಅದಕ್ಕೇ 'ಬಾರ್ಹಸ್ಪತ್ಯ' ಅನ್ನೋ ಹೆಸರು. ಎರಡೂ ಸೇರೋದು ಟಿಬೆಟ್‌ನಲ್ಲಿ. ಭಾರತದ ಬೌದ್ಧ ಗ್ರಂಥ ಕಾಲಚಕ್ರ ತಂತ್ರದ ಜತೆ ಅಲ್ಲಿಗೆ ಹೋದ ಅರವತ್ತರ ಚಕ್ರಕ್ಕೆ ಟಿಬೆಟನ್ನರು 'ರಬ್‌ಜುಂಗ್' ಅಂತಾರೆ. ನಮ್ಮ ಮೊದಲ ಸಂವತ್ಸರ 'ಪ್ರಭವ'ದ ಅನುವಾದ ಅದು. ಮೊದಲ ರಬ್‌ಜುಂಗ್ ಶುರುವಾದದ್ದು 1027ರ ಬೆಂಕಿ ಮೊಲದ ವರ್ಷ. ಹದಿನೇಳನೆಯದು 1987ರಲ್ಲಿ. ನಮ್ಮ ಪಂಚಾಂಗ ತೆಗೆದು ನೋಡಿ, 1987ರ ಯುಗಾದಿಗೆ ಪ್ರಭವವೇ. ಬೈಲಕುಪ್ಪೆಯ ಟಿಬೆಟನ್ನರ ಹೊಸ ವರ್ಷದ ಲೋಸರ್ ಹಬ್ಬಕ್ಕೂ ಪಕ್ಕದೂರಿನ ಯುಗಾದಿಗೂ ಒಂದೇ ಅರವತ್ತರ ಚಕ್ರ!

ದೇಶ ಬದಲಾದರೆ ಪ್ರಾಣಿಯೂ ಒಂದಿಷ್ಟು ಬದಲಾಗುತ್ತದೆ. ವಿಯೆಟ್ನಾಂನಲ್ಲಿ ಮೊಲದ ಜಾಗದಲ್ಲಿ ಬೆಕ್ಕು, ಎತ್ತಿನ ಜಾಗದಲ್ಲಿ ಎಮ್ಮೆ. ಜಪಾನಿನಲ್ಲಿ ಹಂದಿ ಅಂದರೆ ಕಾಡುಹಂದಿ.

ನಿಮ್ಮ ಪ್ರಾಣಿಯ ವರ್ಷ ಮತ್ತೆ ಬಂದರೆ ಖುಷಿಪಡಬೇಡಿ. ಚೀನಾದಲ್ಲಿ ಅದನ್ನು 'ಬೆನ್‌ಮಿಂಗ್‌ನ್ಯೆನ್' ಅಂತಾರೆ, ಕೆಡುಕಿನ ವರ್ಷ ಅಂತ ನಂಬಿಕೆ. ಪರಿಹಾರಕ್ಕೆ ಕೆಂಪು ಬೆಲ್ಟ್, ಕೆಂಪು ಕಾಲುಚೀಲ, ಕೆಂಪು ಒಳಉಡುಪು. ಐದು ಸಲ ಹೀಗೆ ದಾಟಿದರೆ ಅರವತ್ತು. ನಮ್ಮ ಷಷ್ಟ್ಯಬ್ದಿಯ ಹಾಗೆ ಜಪಾನಿನಲ್ಲಿ 'ಕನ್‌ರೆಕಿ' ಮಾಡುತ್ತಾರೆ, ಅಲ್ಲಿ ಕೆಂಪು ಅಂಗಿ ತೊಡಿಸುತ್ತಾರೆ.

ನಂಬಿಕೆ ಎಷ್ಟು ದೂರ ಹೋಗುತ್ತದೆ ಅನ್ನೋದಕ್ಕೆ 1966 ನೋಡಿ. ಅದೂ ಬೆಂಕಿ ಕುದುರೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ಅನ್ನೋ ಮಾತು ಜಪಾನಿನಲ್ಲಿತ್ತು. 1965ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಸುಮಾರು 18 ಲಕ್ಷ. 1966ರಲ್ಲಿ ಸುಮಾರು 13.6 ಲಕ್ಷ. ಮರುವರ್ಷ ಮತ್ತೆ ಏರಿತು. ಅದೇ 1966ರ ಯುಗಾದಿಗೆ ನಮ್ಮಲ್ಲಿ ಬಂದದ್ದು ಯಾವ ಸಂವತ್ಸರ ಗೊತ್ತಾ? ಪರಾಭವ. ಸೋಲು ಅಂತಲೇ ಅರ್ಥ. 2026ರದ್ದೂ ಅದೇ. ಆ ಹೆಸರಿಗೆ ಹೆದರಿ ಯಾರಾದರೂ ಮಗು ಮುಂದೂಡಿದ್ದನ್ನು ನಾನಂತೂ ಕೇಳಿಲ್ಲ.