ವೋಕೋಡರ್ ಒಳಗ ಬರೀ ರೋಬೋಟ್ ದನಿನೇ ಯಾಕ ಬರ್ತದ?

ಪ್ರಶ್ನೆ: ಬಿಡಿ ಬಿಡಿ ಮಾಡ್ಯೂಲ್ ವಾಯರ್ ಚುಚ್ಚಿ ಜೋಡಸೋ ಮಾಡ್ಯುಲರ್ ಸಿಂಥಿಗೆ (ಸಿಂಥಸೈಜರ್), ಸಿಂಥಿನ ಸದ್ದಿನಾಗ ಮಾತಾಡ್ಸೋ ವೋಕೋಡರ್ ಹಾಕ್ಕೊಂಡೇನ್ರಿ, ಎಷ್ಟ್ ತಿರುವಿದ್ರೂ ಅದೇ ರೋಬೋಟು, ಬ್ಯಾರೆ ಏನರ ಮಾಡ್ಲಿಕ್ಕೆ ಬರ್ತದೇನು?

ಬರ್ತದ. ಆದ್ರ ಮೊದ್ಲ ಒಂದು ಮಾತು, ಪುಣೆದಾಗ ಎಷ್ಟ್ ಮಂದಿಗೆ ಹೇಳೀನೋ ಲೆಕ್ಕ ಇಲ್ಲ. ವೋಕೋಡರ್ ಅಂದ್ರ ಆಟೋಟ್ಯೂನ್ ಅಲ್ಲ! ಆಟೋಟ್ಯೂನ್ ಬಂದದ್ದು 1997ಕ್ಕ, ವೋಕೋಡರ್ ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ 1930ರ ದಶಕದಾಗ ಕಟ್ಟಿದ್ದು, ಅದೂ ಹಾಡಿಗಲ್ಲ, ಟೆಲಿಫೋನ್ ಸಲುವಾಗಿ. ಮೊಮ್ಮಗಗ ಅಜ್ಜನ ಹೆಸರಿಡೋದು ನಮ್ಮ ಪದ್ಧತಿ, ನೀವು ಅಜ್ಜಗ ಮೊಮ್ಮಗನ ಹೆಸರಿಡ್ತೀರಲ್ರಿ. ಆಟೋಟ್ಯೂನ್ ನಿಮ್ಮ ದನಿನೇ ಹಿಡಿದು ಶ್ರುತಿಗೆ ಎಳೀತದ. ವೋಕೋಡರ್‌ನಿಂದ ನಿಮ್ಮ ದನಿ ಹೊರಗ ಬರೋದೇ ಇಲ್ಲ, ಫಿಲ್ಟರ್‌ಗಳು ಅದನ್ನ ತಗ್ಗಿನ ಸದ್ದು, ಏರು ಸದ್ದು ಅಂತ ಬ್ಯಾಂಡ್ ಬ್ಯಾಂಡ್ ಆಗಿ ಹೆಚ್ಚಿ, ಯಾವ ಬ್ಯಾಂಡ್ ಈಗ ಎಷ್ಟ್ ಜೋರದ ಅಂತ ಅಳದು, ಅಷ್ಟಷ್ಟು ವೋಲ್ಟೇಜ್ ಕಳಸ್ತಾವ, ಆ ವೋಲ್ಟೇಜ್ ಆ ಕಡೆ ಸಿಂಥಿನ ಅದೇ ಬ್ಯಾಂಡನ್ನ ಏರಸ್ತದ ಇಳಸ್ತದ. ಕೇಳ್ಸೋದು ಸಿಂಥು, ನೀವು ಬರೀ ಸೂತ್ರ ಎಳಿಯೋರು, ಗೊಂಬಿ ಅದು. ಶ್ರುತಿ ತಪ್ಪಿ ಹಾಡಿದ್ರೂ ನಡೀತದ. ಒಬ್ರು ದನಿ ಚಂದ ಬರ್ಲಿ ಅಂತ ತುಟ್ಟಿ ಮೈಕ್ ತಗೊಂಡು ಬಂದು ತೋರಿಸಿದ್ರು, ಏನ್ ಹೇಳ್ಲಿ.

ಈಗ ನಿಮ್ಮ ಪ್ರಶ್ನೆ. ಡೋಪ್ಫರ್ ಕಂಪನಿಯ ಎ-129 ವೋಕೋಡರ್ ಥರದ್ದು ಇದ್ರ 15 ಬ್ಯಾಂಡು, ದನಿ ಅಳೆಯೋ ಮಾಡ್ಯೂಲ್ ಬ್ಯಾರೆ, ನುಡಿಸೋದು ಬ್ಯಾರೆ, ನಡುವ ವೋಲ್ಟೇಜ್‌ಗೆ ಜ್ಯಾಕ್ ಇರ್ತಾವ. ಎಲ್ಲಾ ನೇರಕ್ಕ ನೇರ ಚುಚ್ಚಿದ್ರ ರೋಬೋಟೇ ಬರೋದು. ಅದನ್ನ ಅದಲು ಬದಲು ಮಾಡ್ರಿ. ಗಣಪತಿ ಹಬ್ಬ ಹತ್ರ ಬಂತಂದ್ರ ಮುಠಾ ನದಿ ದಂಡಿಗೆ ಢೋಲ್-ತಾಶಾ ಪ್ರಾಕ್ಟೀಸ್ ನಡೀತದಲ್ಲ, ಅದನ್ನ ಫೋನಿನಾಗ ರೆಕಾರ್ಡ್ ಮಾಡ್ಕೊಂಡು ಬಂದು ಮೈಕಿನ ಜಾಗದಾಗ ಕೊಡ್ರಿ, ಕೆಳಗಿನ ಬ್ಯಾಂಡಿನ ವೋಲ್ಟೇಜ್ ಮ್ಯಾಲಿನ ಬ್ಯಾಂಡಿಗೆ ಚುಚ್ರಿ: ಢೋಲ್ ಧಡ್ ಅಂದಾಗೆಲ್ಲಾ ಸಿಂಥು ಗೆಜ್ಜಿ ಹಂಗ ಝಲ್ ಅಂತದ! ನಡುವ ಸ್ಲ್ಯೂ ಲಿಮಿಟರ್ (ವೋಲ್ಟೇಜ್ ಸಾವಕಾಶ ಏರಿಳಿಯೋ ಹಂಗ ಮಾಡೋದು) ಹಾಕಿದ್ರ ಮಾತು ಬೆಲ್ಲದ ಪಾಕದಂಗ ಎಳೀತದ, ಸ್ಯಾಂಪಲ್ ಆ್ಯಂಡ್ ಹೋಲ್ಡ್ (ಆ ಕ್ಷಣದ ವೋಲ್ಟೇಜ್ ಹಂಗೇ ಹಿಡಿದಿಡೋದು) ಹಾಕಿದ್ರ ಸ್ವರ ನಿಂತಲ್ಲೇ ನಿಂತುಬಿಡ್ತದ. ಒಂದೆರಡು ಬ್ಯಾಂಡಿಗೆ ದನಿಯ ಬದ್ಲಿ, ಮೆಲ್ಲಕ ಏರಿಳಿಯೋ ವೋಲ್ಟೇಜ್ ಕೊಡೋ ಎಲ್‌ಎಫ್‌ಓ ಕೊಟ್ಟು ನೋಡ್ರಿ, ಅದೂ ಮಜಾ.

ಇನ್ನೊಂದು, ಯಾರೂ ಕೇಳಿಲ್ಲ, ನಾನೇ ಹೇಳ್ತೀನಿ. ಸ, ಶ ಬರೀ ಗಾಳಿ ಸದ್ದು, ಅವು ಕೂತಿರೋದು ಮ್ಯಾಲಿನ ಬ್ಯಾಂಡಿನಾಗ. ಕೆಳಗಿನ ಸ್ವರ ಹಿಡಿದ ಸಿಂಥಿನಾಗ ಅಲ್ಲಿ ಏರ್ಸಲಿಕ್ಕೆ ಸದ್ದೇ ಕಡಿಮಿ ಇರ್ತದ. ಅದಕ್ಕ ಸಿಂಥಿನ ಜೋಡಿ ಒಂಚೂರು ವೈಟ್ ನಾಯ್ಸ್ (ಸುಯ್ ಅನ್ನೋ ಸದ್ದು) ಕೂಡಸ್ರಿ, ಇಲ್ಲಂದ್ರ ನೀವು ಸಾಸಿವೆ ಅಂದ್ರ ಅದು ಆಇವೆ ಅಂತದ.