ಎಸ್‌ಎಸ್‌ಡಿಯಲ್ಲಿ ಡಿಲೀಟ್ ಅಂದರೆ ಡಿಲೀಟೇ

ತುಮಕೂರಿನಲ್ಲಿ ಡೇಟಾ ರಿಕವರಿ ಕೆಲಸ ಮಾಡುವ ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಡುತ್ತಲೇ ಜನ ಹೇಳುವ ಮಾತೊಂದಿದೆ. “ಇದೂ ಅದೇ ಕಂಪನಿದು ಸಾರ್, ಹೋದ ಸಲ ತೆಗೆದುಕೊಟ್ರಲ್ಲ.” ಹೋದ ಸಲ ತೆಗೆದುಕೊಟ್ಟಿದ್ದು ಹಾರ್ಡ್ ಡಿಸ್ಕಿನಿಂದ. ಈಗ ತಂದಿರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ಡಿಸ್ಕಿನ ಬದಲು ಚಿಪ್ಪಿನಲ್ಲಿ ಫೈಲ್ ಇಡುವ ಡ್ರೈವ್. ಮೇಲೆ ಅಂಟಿಸಿದ ಹೆಸರು ಒಂದೇ ಇರಬಹುದು, ಒಳಗಿರುವುದು ಬೇರೆಯೇ ವಸ್ತು. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವಾರ ಇನ್ನೊಬ್ಬರು ಅದೇ ಮಾತು ಹೇಳಿಕೊಂಡು ಬರುತ್ತಾರೆ.

ಹೆಸರಿನ ಗೊಂದಲಕ್ಕೆ ಕಾರಣವಿದೆ. ವೆಸ್ಟರ್ನ್ ಡಿಜಿಟಲ್ 1970ರಲ್ಲಿ ಶುರುವಾದ ಕಂಪನಿ; ಅದರ ಹೆಸರು ಬೆಳೆದಿದ್ದು ತಿರುಗುವ ಡಿಸ್ಕುಗಳಿಂದ. ಸ್ಯಾನ್‌ಡಿಸ್ಕ್ 1988ರದ್ದು, ಎಸ್‌ಎಸ್‌ಡಿ, ಪೆನ್ ಡ್ರೈವುಗಳ ಒಳಗಿರುವ ಫ್ಲ್ಯಾಶ್ ಚಿಪ್ಪಿನ ಕಂಪನಿ. ಅದನ್ನು ಕಟ್ಟಿದ ಮೂವರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ. ಲ್ಯಾಪ್‌ಟಾಪ್‌ಗಳು ಹಾರ್ಡ್ ಡಿಸ್ಕ್ ಬಿಟ್ಟು ಎಸ್‌ಎಸ್‌ಡಿ ಕಡೆ ಹೊರಳುತ್ತಿದ್ದ ಕಾಲಕ್ಕೆ ಡಿಸ್ಕ್ ಕಂಪನಿಯ ಹತ್ತಿರ ಸ್ವಂತ ಚಿಪ್ಪಿನ ಕಾರ್ಖಾನೆ ಇರಲಿಲ್ಲ. ಸ್ಯಾನ್‌ಡಿಸ್ಕಿಗೆ ಜಪಾನಿನ ಯೊಕ್ಕಾಯಿಚಿಯಲ್ಲಿ ತೋಶಿಬಾ ಜೊತೆ ಪಾಲುದಾರಿಕೆಯ ಕಾರ್ಖಾನೆಗಳಿದ್ದವು. 2015ರ ಅಕ್ಟೋಬರ್‌ನಲ್ಲಿ ಸ್ಯಾನ್‌ಡಿಸ್ಕನ್ನು ಸುಮಾರು 1,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ವೆಸ್ಟರ್ನ್ ಡಿಜಿಟಲ್ ಪ್ರಕಟಿಸಿತು, 2016ರ ಮೇ ತಿಂಗಳಲ್ಲಿ ವ್ಯವಹಾರ ಮುಗಿಯಿತು. ಅದೇ ವರ್ಷ ಬ್ಲೂ, ಗ್ರೀನ್ ಹೆಸರಿನ ಎಸ್‌ಎಸ್‌ಡಿಗಳು ಬಂದವು. ಬ್ಲೂ, ಗ್ರೀನ್ ಎರಡೂ ಮೊದಲು ಅವರ ಹಾರ್ಡ್ ಡಿಸ್ಕುಗಳಿಗೇ ಇದ್ದ ಹೆಸರು. ಅಂಗಡಿಯಲ್ಲಿ “ಬ್ಲೂ ಕೊಡಿ” ಅಂದವರ ಕೈಗೆ ಹಾರ್ಡ್ ಡಿಸ್ಕೂ ಬರಬಹುದಿತ್ತು, ಎಸ್‌ಎಸ್‌ಡಿಯೂ ಬರಬಹುದಿತ್ತು.

2025ರ ಫೆಬ್ರವರಿಯಲ್ಲಿ ಎರಡೂ ಮತ್ತೆ ಬೇರೆಯಾದವು: ಡಿಸ್ಕ್ ಒಂದು ಕಡೆ, ಫ್ಲ್ಯಾಶ್ ಇನ್ನೊಂದು ಕಡೆ. ಈಗ ವಾರಂಟಿ ಯಾರು ಕೊಡುತ್ತಾರೆ ಎಂದು ಕೇಳುವವರಿದ್ದಾರೆ. ಬಿಲ್ಲು ಜೋಪಾನವಾಗಿಟ್ಟುಕೊಂಡು ಕೊಂಡ ಅಂಗಡಿಯಲ್ಲಿ ವಿಚಾರಿಸಿ. ವಾರಂಟಿಯಲ್ಲಿ ಸಿಗುವುದು ಬೇರೆ ಡ್ರೈವ್, ನಿಮ್ಮ ಫೈಲುಗಳಲ್ಲ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಹಾರ್ಡ್ ಡಿಸ್ಕಿನಲ್ಲಿ ಫೈಲ್ ಡಿಲೀಟ್ ಮಾಡುವುದೆಂದರೆ ಪುಸ್ತಕದ ಪರಿವಿಡಿಯಲ್ಲಿ ಒಂದು ಸಾಲು ಹೊಡೆದುಹಾಕಿದಂತೆ. ಅಧ್ಯಾಯ ಒಳಗೆ ಹಾಗೇ ಇರುತ್ತದೆ. ಆ ಜಾಗದ ಮೇಲೆ ಬೇರೆ ಫೈಲ್ ಬಂದು ಕೂರುವವರೆಗೆ ಅದನ್ನು ಓದಿ ತೆಗೆಯಬಹುದು. ಡಿಲೀಟ್ ಆಗಿ ತಿಂಗಳಾದ ಮೇಲೆ ತಂದ ಡಿಸ್ಕುಗಳಿಂದಲೂ ಫೋಟೊ ತೆಗೆದುಕೊಟ್ಟಿದ್ದೇನೆ. ಜನರ ಧೈರ್ಯ ಹುಟ್ಟಿದ್ದು ಅಲ್ಲಿಂದ.

ಫ್ಲ್ಯಾಶ್ ಚಿಪ್ಪಿಗೆ ಹಳೆಯದರ ಮೇಲೆ ಹೊಸದನ್ನು ನೇರವಾಗಿ ಬರೆಯಲು ಬರುವುದಿಲ್ಲ. ಮೊದಲು ಅಳಿಸಬೇಕು, ಆಮೇಲೆ ಬರೆಯಬೇಕು. ಅಳಿಸುವುದೂ ಚೂರುಚೂರಾಗಿ ಆಗುವುದಿಲ್ಲ, ಪೇಜು ಎನ್ನುವ ಚಿಕ್ಕ ತುಂಡುಗಳು ನೂರಾರು ಇರುವ ಇಡೀ ಬ್ಲಾಕನ್ನೇ ಅಳಿಸಬೇಕು. ಬರೆಯುವ ಹೊತ್ತಿಗೆ ಈ ಕೆಲಸ ಶುರುಮಾಡಿದರೆ ಡ್ರೈವ್ ನಿಧಾನವಾಗುತ್ತದೆ. ಅದಕ್ಕೇ 2009ರ ವಿಂಡೋಸ್ 7ರಿಂದ ಟ್ರಿಮ್ ಎನ್ನುವ ಆಜ್ಞೆ ಬಂತು. ನೀವು ರೀಸೈಕಲ್ ಬಿನ್ ಖಾಲಿ ಮಾಡಿದ ಕೂಡಲೇ, ಅಥವಾ ಶಿಫ್ಟ್ ಒತ್ತಿ ಡಿಲೀಟ್ ಹೊಡೆದ ಕೂಡಲೇ, “ಈ ಜಾಗ ಇನ್ನು ಬೇಡ” ಎಂದು ವಿಂಡೋಸ್ ಎಸ್‌ಎಸ್‌ಡಿಗೆ ಹೇಳಿಬಿಡುತ್ತದೆ. ವಾರಕ್ಕೊಮ್ಮೆ ತಾನಾಗಿಯೇ ಮತ್ತೊಮ್ಮೆ ಹೇಳುತ್ತದೆ. ಆಮೇಲೆ ನೀವು ಏನೂ ಮಾಡದೆ ಲ್ಯಾಪ್‌ಟಾಪ್ ಆನ್ ಮಾಡಿಟ್ಟು ಊಟಕ್ಕೆ ಹೋದರೂ ಸಾಕು, ಒಳಗೆ ಅಳಿಸುವ ಕೆಲಸ ನಡೆದಿರುತ್ತದೆ. ಆ ಆಜ್ಞೆ ಬಂದ ತಕ್ಷಣದಿಂದಲೇ ಎಷ್ಟೋ ಡ್ರೈವುಗಳು ಆ ಜಾಗವನ್ನು ಓದಲು ಹೋದರೆ ಬರೀ ಸೊನ್ನೆ ಕೊಡುತ್ತವೆ.

ಗುಬ್ಬಿ ಕಡೆಯ ಒಬ್ಬ ಮದುವೆ ಫೋಟೊಗ್ರಾಫರ್ ಹುಡುಗ, ಚೆನ್ನಾಗಿ ಕೆಲಸ ಮಾಡುವವನು, ಜಾಗ ಸಾಲದೆಂದು ಹಳೇ ಫೋಲ್ಡರ್ ಡಿಲೀಟ್ ಮಾಡಿದ. ಅದು ಇನ್ನೂ ಆಲ್ಬಮ್ ಕೊಡದ ಮದುವೆ ಅಂತ ಬೆಳಗ್ಗೆ ಗೊತ್ತಾಯಿತು. ವಿಡಿಯೊ ನೋಡಿಕೊಂಡು ಒಂದು ರಿಕವರಿ ಸಾಫ್ಟ್‌ವೇರ್ ಹಾಕಿದ. ಫೈಲುಗಳ ಹೆಸರೆಲ್ಲ ಸಾಲಾಗಿ ಬಂದವು, ಸೈಜೂ ಸರಿಯಿತ್ತು. “ಉಳಿಸಿಕೊಳ್ಳಲು ದುಡ್ಡು ಕಟ್ಟಿ” ಅಂದಿತು, ಕಟ್ಟಿದ. ಒಂದು ಫೋಟೊನೂ ತೆರೆಯಲಿಲ್ಲ. ಆಮೇಲೆ ನನ್ನ ಹತ್ತಿರ ಬಂದ.

“ಹೆಸರು ಇದೆಯಲ್ಲಣ್ಣ? 24 ಎಂಬಿ ಅಂತ ತೋರಿಸ್ತಾ ಇದೆಯಲ್ಲ?”

ಒಂದು ಫೈಲನ್ನು, ಅದರ ಒಳಗಿರುವುದನ್ನು ಸಂಕೇತಗಳಾಗಿ ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು ಪರದೆಯನ್ನು ಅವನ ಕಡೆ ತಿರುಗಿಸಿದೆ. ಮೇಲಿನಿಂದ ಕೆಳಗಿನವರೆಗೆ 00 00 00 00. ಎಷ್ಟು ಸ್ಕ್ರೋಲ್ ಮಾಡಿದರೂ ಅದೇ. ಫೈಲಿನ ಹೆಸರು, ಸೈಜು ಬೇರೆ ಒಂದು ಪಟ್ಟಿಯಲ್ಲಿರುತ್ತವೆ, ಅದಕ್ಕೆ ಟ್ರಿಮ್ ತಗುಲುವುದಿಲ್ಲ. ಫೋಟೊ ಇದ್ದ ಜಾಗ ಮಾತ್ರ ಖಾಲಿಯಾಗಿರುತ್ತದೆ. ಹೆಸರು ಕಂಡಿದ್ದಕ್ಕೇ ಫೈಲ್ ಸಿಕ್ಕಿತು ಅಂದುಕೊಳ್ಳಬೇಡಿ. ದುಡ್ಡು ಕಟ್ಟುವ ಮೊದಲು ಪ್ರಿವ್ಯೂನಲ್ಲಿ ಚಿತ್ರ ನಿಜವಾಗಿ ಮೂಡುತ್ತದಾ ನೋಡಿ. ಮೂಡದಿದ್ದರೆ ಕಟ್ಟಬೇಡಿ. ಈ ರೀತಿ ದುಡ್ಡು ಕಳೆದುಕೊಂಡು ಬರುವವರನ್ನು ನೋಡಿ ಹೊಟ್ಟೆ ಉರಿಯುತ್ತದೆ, ಅದರಲ್ಲೂ ಸೀಸನ್ನಿನಲ್ಲಿ ದುಡಿದು ವರ್ಷ ತಳ್ಳುವ ಈ ಹುಡುಗರು.

ಕ್ಯಾಮೆರಾ ಬ್ಯಾಗ್ ತರಿಸಿದೆ. ಎರಡು ಕಾರ್ಡಿದ್ದವು. ಒಂದರ ಮೇಲೆ ಆಗಲೇ ಯಾರದೋ ನಾಮಕರಣ ತುಂಬಿತ್ತು. ಇನ್ನೊಂದನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದ್ದ, ಆದರೆ ಆಮೇಲೆ ಏನೂ ತೆಗೆದಿರಲಿಲ್ಲ. ಅದರಿಂದ ಧಾರೆ, ಮಾಂಗಲ್ಯಧಾರಣೆ ಪೂರ್ತಿ ಬಂತು. ಹಿಂದಿನ ರಾತ್ರಿಯ ಆರತಕ್ಷತೆ ಬರಲಿಲ್ಲ. ಹುಡುಗಿಯ ತಂದೆಗೆ ಅದನ್ನು ಹೇಳಲು ಧೈರ್ಯ ಸಾಲದೆ ಫೋನನ್ನು ನನ್ನ ಕೈಗೆ ಕೊಟ್ಟ. ಇದ್ದಿದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಧಾರೆ ಸಿಕ್ತಲ್ಲ ಬಿಡಿ ಸ್ವಾಮಿ, ಹುಡುಗನ್ನ ಬೈಬೇಡಿ” ಅಂದರು.

ಕಾರ್ಡಿನಿಂದ ಬಂದದ್ದು ಹೇಗೆ ಅಂದರೆ, ಕ್ಯಾಮೆರಾದ ಮೆಮೊರಿ ಕಾರ್ಡಿಗೆ, ಮಾಮೂಲಿ ಪೆನ್ ಡ್ರೈವಿಗೆ ಸಾಮಾನ್ಯವಾಗಿ ಟ್ರಿಮ್ ಹೋಗುವುದಿಲ್ಲ. ಅವೂ ಫ್ಲ್ಯಾಶೇ, ಆದರೂ ಡಿಲೀಟ್ ಆದದ್ದು ಬಹಳಷ್ಟು ಸಲ ಸಿಗುತ್ತದೆ. ಯುಎಸ್‌ಬಿಯಲ್ಲಿ ಚುಚ್ಚುವ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ವಿಚಾರದಲ್ಲಿ ಮಾತ್ರ ನೋಡದೆ ಹೇಳಲಾರೆ. ಕೆಲವಕ್ಕೆ ಆ ಆಜ್ಞೆ ಮುಟ್ಟುತ್ತದೆ, ಕೆಲವಕ್ಕೆ ಮುಟ್ಟುವುದಿಲ್ಲ. ಇನ್ನೊಂದು ಕಡೆ, ಟ್ರ್ಯಾಕುಗಳನ್ನು ಒಂದರ ಮೇಲೊಂದು ಅತಿಕ್ರಮಿಸಿ ಬರೆಯುವ ಎಸ್‌ಎಂಆರ್ ಹಾರ್ಡ್ ಡಿಸ್ಕುಗಳಲ್ಲಿ ಕೆಲವು ಟ್ರಿಮ್ ಒಪ್ಪಿಕೊಳ್ಳುತ್ತವೆ. ಹಾಗಾಗಿ “ಹಾರ್ಡ್ ಡಿಸ್ಕ್ ತಾನೇ, ಬಂದೇ ಬರುತ್ತೆ” ಎಂದು ಈಗ ನಾನೂ ಫೋನಿನಲ್ಲಿ ಭರವಸೆ ಕೊಡುವುದಿಲ್ಲ.

ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಯಲ್ಲಿ ಕೈತಪ್ಪಿ ಡಿಲೀಟ್ ಆಯಿತೋ, ಮೊದಲು ರೀಸೈಕಲ್ ಬಿನ್ ನೋಡಿ, ಅದರಲ್ಲಿದ್ದರೆ ಏನೂ ಹೋಗಿಲ್ಲ. ಅಲ್ಲಿಲ್ಲದಿದ್ದರೆ ಆ ಕ್ಷಣವೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಸಾಫ್ಟ್‌ವೇರ್ ಇಳಿಸಬೇಡಿ, “ಇನ್ನೊಂದು ಸಲ ನೋಡೋಣ” ಎಂದು ಆನ್ ಮಾಡಬೇಡಿ. ಇಷ್ಟು ಮಾಡಿದರೂ ಸಿಗದೆ ಹೋಗಬಹುದು; ಸಿಗುವ ಸಾಧ್ಯತೆ ಸ್ವಲ್ಪವಾದರೂ ಉಳಿದಿದ್ದರೆ ಹೀಗೆ ಮಾಡಿದವರಿಗೆ ಮಾತ್ರ. ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಿಟ್ಟ ಕ್ರಯಪತ್ರಗಳ ಫೋಲ್ಡರ್ ಕಳೆದುಕೊಂಡಿದ್ದ ಮಧುಗಿರಿಯ ಪತ್ರ ಬರಹಗಾರರೊಬ್ಬರಿಗೆ ಎಸ್‌ಎಸ್‌ಡಿಯಿಂದ ಏನೂ ಸಿಗಲಿಲ್ಲ. ಕೊನೆಗೆ ಅವರ ಮಗ ಎಂದೋ ಕಾಪಿ ಮಾಡಿ ಬೀರುವಿನಲ್ಲಿಟ್ಟಿದ್ದ ಹಳೇ 500 ಜಿಬಿ ಹಾರ್ಡ್ ಡಿಸ್ಕ್ ತಂದರು, ಮುಕ್ಕಾಲು ಪಾಲು ಅದರಲ್ಲಿತ್ತು. ಲ್ಯಾಪ್‌ಟಾಪ್ ತರುವಾಗ ಮನೆಯಲ್ಲಿರುವ ಹಳೇ ಡಿಸ್ಕು, ಕಾರ್ಡು, ಪೆನ್ ಡ್ರೈವ್ ಎಲ್ಲವನ್ನೂ ಜೊತೆಗೆ ತನ್ನಿ. ನಾನು ಹುಡುಕುವುದು ಈಗ ಮೊದಲು ಅವುಗಳಲ್ಲೇ.